ಮೇಲಿನ ಕಾರ್ಡು ಯಾರದು

ಲೋಗನ್ ಪಟ್ಟಣದ ಕಂಪ್ಯೂಟರ್ ಅಂಗಡಿಯ ಸಾಲಿನಲ್ಲಿ ನೊರೀನಳ ಮುಂದೆ ಅಣ್ಣ ತಮ್ಮ ನಿಂತಿದ್ದರು. ತಮ್ಮ ರೀಸ್‌ನ ತುಟಿಗೆ ಹೊಲಿಗೆ ಬಿದ್ದಿತ್ತು. ಅಣ್ಣ ಕ್ರೇಗ್‌ನ ಬಲಗೈಗೆ ಬ್ಯಾಂಡೇಜು.

“ಇರೋದ್ರಲ್ಲೇ ದುಬಾರಿ ಗ್ರಾಫಿಕ್ಸ್ ಕಾರ್ಡು ಎರಡು, ಒಂದೇ ಕಂಪ್ಯೂಟರ್ ಪೆಟ್ಟಿಗೇಲಿ. ನಿಂಗೊಂದು, ನಂಗೊಂದು. ಆಮೇಲೆ ಕಿತ್ತಾಡಂಗಿಲ್ಲ,” ಎಂದ ಕ್ರೇಗ್.

“ಹೋದ ಸಲಾನೂ ಹಂಗೇ ಅಂದೆ. ಎರಡನ್ನೂ ಒತ್ತಿ ಕೂರಿಸಿ ನನ್ನದನ್ನ ಸುಟ್ಟಾಕಿದೆ.”

“ಅದಕ್ಕೆ ನನ್ನ ತಲೆ ಬಾಗಿಲಿಗೆ ಜಜ್ಜಿದೆಯಲ್ಲ, ಸಾಲ್ದಾ?”

“ನೀನು ಆ ಕೈಯಲ್ಲೇ ಗುದ್ದಿ ನನ್ನ ತುಟಿ ಸೀಳಿದೆ.”

“ಈ ಸಲ ನಡುವೆ ಜಾಗ ಬಿಡ್ತೀನಿ ಕಣೋ.”

“ಬಿಟ್ರೂ ಕೆಳಗಿನದರ ಬಿಸಿ ಮೇಲಿನದಕ್ಕೇ ಹೊಡೆಯೋದು. ಮೇಲಿಂದು ಯಾರ್ದು?”

ಕ್ರೇಗ್ ಗೋಡೆಯ ಬೆಲೆಪಟ್ಟಿ ಓದತೊಡಗಿದ.

“ಲೋ, ನಿನ್ನನ್ನೇ ಕೇಳ್ತಿರೋದು.”

“ನಿಂದು.”

ರೀಸ್ ಅವನ ಬ್ಯಾಂಡೇಜಿನ ಕೈ ಹಿಡಿದು ತಿರುಚಿದ. ಲಟಕ್ಕೆಂದ ಸದ್ದು ನೊರೀನಳಿಗೂ ಕೇಳಿಸಿತು. ಅಷ್ಟರಲ್ಲಿ ಕೌಂಟರಿನವನು ಕರೆದ.

“ಎರಡು ಕಾರ್ಡು ಕೊಡಿ,” ಎನ್ನುತ್ತ ರೀಸ್ ಮುಂದೆ ನಡೆದ. “ಪೆಟ್ಟಿಗೇನೂ ಎರಡು.”