ಒಂದು ರೇಡಿಯೋ, ಮೂರು ಗಾಡಿ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಷ್ಟು ವರ್ಷ ಬರಿಯ ದನಿಗಳಾಗಿದ್ದು ಇಂದು ಮುಖಗಳಾಗಿ ಎದುರಿಗೆ ಕುಳಿತಿರುವ ಹವ್ಯಾಸಿ ರೇಡಿಯೋ ಸಂಘದ ಸಭಿಕರೇ,

ನನಗೆ ಈ ಸನ್ಮಾನ ಯಾಕೆ ಎಂಬುದು ಇನ್ನೂ ತಿಳಿದಿಲ್ಲ. 'ಒಂದೇ ರೇಡಿಯೋವನ್ನು ಮೂರು ವಾಹನಗಳಲ್ಲಿ ಹಂಚಿಕೊಂಡ ಮಾದರಿ ಕುಟುಂಬ' ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಅದನ್ನು ಓದಿದ ನನ್ನ ಹೆಂಡತಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

ನಾನು ಡ್ರೈವಿಂಗ್ ಶಾಲೆ ನಡೆಸುವವನು. ಅಕ್ಕ ನರ್ಸು, ಔಷಧದ ವ್ಯಾನನ್ನು ತಾನೇ ಓಡಿಸಿಕೊಂಡು ಗುಡ್ಡದ ಮೇಲಿನ ಮನೆಗಳಿಗೆ ಹೋಗುತ್ತಾಳೆ. ಮನೆ ಸಾಮಾನು ಸಾಗಿಸುವ ಲಾರಿ ಓಡಿಸುವವನು ತಮ್ಮ. ಅಪ್ಪ ನಮ್ಮ ಮೂವರಿಗೂ ಹವ್ಯಾಸಿ ರೇಡಿಯೋ ಪರೀಕ್ಷೆ ಕಟ್ಟಿಸಿ ಲೈಸೆನ್ಸ್ ಕೊಡಿಸಿದರು; ರೇಡಿಯೋ ಮಾತ್ರ ಒಂದೇ ಬಿಟ್ಟುಹೋದರು. ಅದು ತನಗೇ ಬೇಕು ಎಂದು ಮೂವರೂ ಹಟ ಹಿಡಿದೆವು. ಅಮ್ಮ ತೀರ್ಪು ಕೊಟ್ಟರು: "ವಾರಕ್ಕೊಬ್ಬರು ಇಟ್ಕೊಳ್ಳಿ. ಭಾನುವಾರ ಊಟಕ್ಕೆ ಬಂದು, ನನ್ನ ಮುಂದೆ ಕೈ ಬದಲಾಯಿಸಿ."

ಹಾಗೆ ಮೂರು ಗಾಡಿಗೂ ಆಂಟೆನಾ ಬಂತು, ವೈರು ಬಂತು. ರೇಡಿಯೋ ಸೆಟ್ಟು ಮಾತ್ರ ಗಾಡಿಯಿಂದ ಗಾಡಿಗೆ ತಿರುಗುತ್ತಿತ್ತು. ನನ್ನ ವಾರದಲ್ಲಿ ಕಲಿಯಲು ಬಂದವರ ಪಾಡು ಕೇಳಬೇಡಿ. ನಿಮ್ಮಲ್ಲೊಬ್ಬರು 'ಹಲೋ' ಎಂದರೆ ಸಾಕು, ಅವರು ನಡುರಸ್ತೆಯಲ್ಲಿ ಬ್ರೇಕ್ ಒತ್ತಿಬಿಡುತ್ತಿದ್ದರು.

ಮಾದರಿ ಕುಟುಂಬ ಎಂದಿರಿ. ಹೇಳಬಾರದೇನೋ, ಆದರೂ ಹೇಳುತ್ತೇನೆ. ಅಪ್ಪ ಆಸ್ಪತ್ರೆ ಸೇರಿದಾಗ ತಮ್ಮನು ಲಾರಿಯಲ್ಲಿ ದೂರದ ದಾರಿಯಲ್ಲಿದ್ದ. ಫೋನ್ ಮಾಡಲು ಹೋದ ನನ್ನ ಕೈಯನ್ನು ಅಕ್ಕ ಹಿಡಿದಳು. "ಗಾಬರೀಲಿ ಗಾಡಿ ಓಡಿಸೋದು ಬೇಡ ಕಣೋ. ಬಂದ ಮೇಲೆ ಹೇಳೋಣ," ಎಂದಳು. ಅವನು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಂದಿನಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟ. ಅವಳು ಮಾಡಿದ್ದು ಸರಿಯೋ, ತಪ್ಪೋ? ಎಲ್ಲಿ ನಿಲ್ಲಬೇಕು, ಎಲ್ಲಿ ಹೋಗಬೇಕು ಎಂದು ಊರಿಗೆಲ್ಲ ಕಲಿಸುವ ನನಗೆ ಇದೊಂದು ಗೊತ್ತಾಗಿಲ್ಲ.

ಆದರೂ ಭಾನುವಾರದ ಊಟ ತಪ್ಪಲಿಲ್ಲ. ಅಕ್ಕ ಸೆಟ್ಟನ್ನು ಮೇಜಿನ ಮೇಲಿಡುವಳು, ತಮ್ಮ ಗೋಡೆ ನೋಡುತ್ತಾ ಎತ್ತಿಕೊಳ್ಳುವನು. ಇವರಿಬ್ಬರೂ ಎದುರುಬದುರಾಗದ ಹಾಗೆ ಸರದಿ ಬದಲಾಯಿಸೋಣವೆಂದು ನಾನು ಎಷ್ಟು ತಲೆ ಕೆರೆದುಕೊಂಡೆ! ಮುಂದಿನಿಂದ ಸುತ್ತಿಸಿದೆ, ಹಿಂದಿನಿಂದ ಸುತ್ತಿಸಿದೆ. ಮೂರೇ ಜನರ ಸುತ್ತಿನಲ್ಲಿ ಎಲ್ಲರೂ ಎಲ್ಲರ ಪಕ್ಕದವರೇ. ಕೊನೆಗೆ, "ಪ್ರತಿ ಸಲವೂ ನನ್ನ ಕೈಯಿಂದಲೇ ಹೋಗಲಿ," ಎಂದೆ. "ಆಗ ನಿಂಗೆ ಎರಡು ಪಾಲು ಬರುತ್ತಲ್ಲ," ಎಂದು ಇಬ್ಬರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ವರ್ಷದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯಕ್ಕೆ.

ಮೊನ್ನೆ ಚಳಿಗಾಲದಲ್ಲಿ ಗುಡ್ಡದ ಮೇಲೆ ಮಂಜು ಕವಿದಿತ್ತು. ಅಕ್ಕನ ಸರದಿ ಮುಗಿದಿತ್ತು. ಅವಳು ಸೆಟ್ಟನ್ನು ಮೇಜಿನ ಮೇಲಿಟ್ಟಳು. ತಮ್ಮ ಅದನ್ನು ಅವಳ ಕಡೆಗೇ ತಳ್ಳಿದ.

"ಮೇಲೆ ಹೋಗೋಳು ನೀನು. ಇಟ್ಕೋ."

ಅಷ್ಟೇ. ಅಮ್ಮ ಸೌಟು ಹಿಡಿದವರು ಹಾಗೇ ನಿಂತುಬಿಟ್ಟರು.

ಆ ವಾರವೇ ಅಕ್ಕನ ವ್ಯಾನು ಮಂಜಿನಲ್ಲಿ ಜಾರಿ ಚರಂಡಿಗೆ ವಾಲಿತು. ಅವಳ ಕಾಲು ಬಾಗಿಲಿಗೆ ಸಿಕ್ಕಿಕೊಂಡಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅವಳು ರೇಡಿಯೋದಲ್ಲಿ ಕರೆದದ್ದು ನಮಗೆ ಕೇಳುವುದಾದರೂ ಹೇಗೆ? ಇದ್ದ ಒಂದೇ ಸೆಟ್ಟು ಅವಳ ಬಳಿಯೇ ಇತ್ತು. ಕೇಳಿಸಿಕೊಂಡವರು ನಮ್ಮ ಸಂಘದ ಕಾರ್ಯದರ್ಶಿಗಳು. ಅವರು ನನಗೆ ಫೋನ್ ಮಾಡಿದರು. ನಾನು ಗಾಬರಿಯಲ್ಲಿ ತಮ್ಮನಿಗೆ ಮಾಡಿದೆ. ಗಾಬರಿಯಲ್ಲಿ ಗಾಡಿ ಓಡಿಸಬಾರದು ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ. ಅವನು ಹಗ್ಗ ಹಾಕಿಕೊಂಡು ಲಾರಿಯಲ್ಲಿ ಹೊರಟೇಬಿಟ್ಟ.

ಅಲ್ಲಿ ಅವರಿಬ್ಬರೂ ಏನು ಮಾತಾಡಿದರು? ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ, "ಅವನನ್ನ ಕೇಳು" ಎನ್ನುತ್ತಾಳೆ. ಅವನನ್ನು ಕೇಳಿದರೆ, "ಹಗ್ಗ ಗಟ್ಟಿ ಇತ್ತು" ಎನ್ನುತ್ತಾನೆ.

ಈಗ ಸಂಘವು ದೊಡ್ಡ ಮನಸ್ಸು ಮಾಡಿ ಇನ್ನೆರಡು ರೇಡಿಯೋ ಕೊಡುತ್ತಿದೆ. ಇನ್ನು ಮೂರು ಗಾಡಿಗೂ ಮೂರು. ಬೆಳಿಗ್ಗೆ ಅಮ್ಮನಿಗೆ ತಿಳಿಸಿದೆ. "ಒಳ್ಳೇದಾಯ್ತು," ಎಂದರು. ಅಕ್ಕಿ ಅಳೆಯುತ್ತಾ ಕೇಳಿದರು: "ಹಾಗಾದ್ರೆ ಭಾನುವಾರ ಎಷ್ಟು ಜನಕ್ಕೆ ಅಡುಗೆ ಮಾಡ್ಲಿ?"

ಸಭಿಕರೇ, ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ? ಬೇಡ ಎಂದರೆ ಅಹಂಕಾರ, ತೆಗೆದುಕೊಂಡರೆ ಭಾನುವಾರದ ಊಟ ನಿಂತುಹೋಗುವ ಭಯ. ಆದ್ದರಿಂದ ತಪ್ಪು ತಿಳಿಯದೆ, ಈ ಎರಡು ರೇಡಿಯೋಗಳನ್ನೂ ಈ ವರ್ಷ ಪರೀಕ್ಷೆ ಪಾಸಾಗಿ ಸೆಟ್ಟಿಲ್ಲದೆ ಕೂತಿರುವ ಇಬ್ಬರಿಗೆ ಕೊಡಿ. ನಮಗೆ ಒಂದೇ ಇರಲಿ.

ಇದನ್ನು ಅಕ್ಕನನ್ನೂ ತಮ್ಮನನ್ನೂ ಕೇಳಿ ಹೇಳುತ್ತಿಲ್ಲ. ಅವರು ಅಗೋ, ಒಂದೇ ಸಾಲಿನಲ್ಲಿದ್ದಾರೆ. ನಡುವೆ ಒಂದು ಕುರ್ಚಿ ಖಾಲಿ ಇದೆ. ಅದು ನನಗೆಂದು ಹಿಡಿದಿಟ್ಟ ಜಾಗವೋ, ಇನ್ನೂ ಉಳಿದಿರುವ ದೂರವೋ, ಇಲ್ಲಿಂದ ತಿಳಿಯುತ್ತಿಲ್ಲ. ಹೋಗಿ ಕೂತು ನೋಡುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.