ಗೋಡೆಯ ಮೇಲಿನ ಗೀಟು

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಹುಡುಗಿಯ ಕಣ್ಣು ಫೋನಿನ ಮೇಲಿತ್ತು, ಕಿವಿ ಮಾತ್ರ ಪಕ್ಕದ ಗಂಡ ಹೆಂಡತಿಯ ಕಡೆಗೆ. ಹೆಂಡತಿ ಸ್ತನದ ಆಪರೇಷನ್ ಆಗಿ, ಆ ಕಡೆಯ ಕೈ ಮೇಲೆತ್ತಲಾಗದೆ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದವಳು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು.

“ಗೋಡೆ ಮೇಲೆ ಬೆರಳು ಹತ್ತಿಸಿ, ಕೈ ಎಲ್ಲಿವರೆಗೂ ಹೋಯ್ತು ಅಂತ ದಿನಾ ಪೆನ್ಸಿಲ್ ಗೀಟು ಹಾಕ್ತಿದ್ದೆ. ಅದರ ಮೇಲೇ ಬಣ್ಣ ಹೊಡೆದ್ಬಿಟ್ರಲ್ರೀ!”

“ಮಕ್ಕಳು ಗೀಚಿದ್ದು ಅನ್ಕೊಂಡೆ ಕಣೇ. ನೀನು ಮಲಗೋ ಕೋಣೆ ಲಕ್ಷಣವಾಗಿರ್ಲಿ ಅಂತ...”

“ಮದುವೆಯಾದಾಗಿಂದ ಹೊಡೀರಿ ಅಂದ್ರೆ ಪುರುಸೊತ್ತಿರ್ಲಿಲ್ಲ. ಈಗ ಎರಡೆರಡು ಕೋಟು!”

“ಊರಿಗೆಲ್ಲ ಹೊಡೀತೀರಿ, ಮನೆಗಿಲ್ಲ ಅಂತ ನೀನೇ ಬೈತಿದ್ದೆ.”

“ಕೈ ಪೂರ್ತಿ ಮೇಲೆದ್ರೇನೇ ಪಾರ್ಲರ್ ಕೆಲಸಕ್ಕೆ ಹೋಗು ಅಂದಿದಾರೆ ಡಾಕ್ಟರಮ್ಮ. ದಿನವೆಲ್ಲ ಜನರ ತಲೆ ಬಾಚೋಳು ನಾನು. ಈಗ ಏನು ತೋರಿಸ್ಲಿ?”

“ಎಲ್ಲಿವರೆಗೂ ಬಂದಿತ್ತು?”

“ನೆನಪಿರೋ ಹಾಗಿದ್ರೆ ಗೀಟು ಯಾಕೆ ಹಾಕ್ತಿದ್ದೆ?”

ನರ್ಸ್ ಕರೆದಳು. ಇಬ್ಬರೂ ಎದ್ದರು. ಅವನು ಅವಳಿಗಿಂತ ಒಂದು ಗೇಣು ಎತ್ತರ.

“ಅಯ್ಯೋ, ತಲೇಲಿ ಬಣ್ಣ ಮೆತ್ಕೊಂಡೇ ಬಂದಿದೀರಲ್ರೀ,” ಎನ್ನುತ್ತ ಅವಳು ಕೈಯೆತ್ತಿ ಅವನ ನೆತ್ತಿಯ ಕೂದಲಿಂದ ಅದನ್ನು ಬಿಡಿಸತೊಡಗಿದಳು. “ಸ್ವಲ್ಪ ಬಗ್ಗಿ.”

“ಬಗ್ಗಲ್ಲ,” ಎಂದ ಅವನು ಅಲುಗಾಡದೆ. “ಅದು ಆಪರೇಷನ್ ಆದ ಕಡೆ ಕೈ. ಎಲ್ಲಿವರೆಗೂ ಬಂತು ನೋಡ್ಕೋ.”

ಅವಳು ನೋಡಿಕೊಂಡಳು.

“ನೋಯ್ತಿದೆ,” ಎಂದಳು. ಕೈ ಇಳಿಸಲಿಲ್ಲ.

“ಗೋಡೆ ಹೋದ್ರೆ ಹೋಗ್ಲಿ. ಡಾಕ್ಟರಮ್ಮಂಗೆ ನನ್ನ ತಲೆ ತೋರಿಸು, ಬಾ.”

ಇಬ್ಬರೂ ಒಳಗೆ ಹೋದರು. ಬಣ್ಣವಿನ್ನೂ ಅವನ ಕೂದಲಲ್ಲೇ ಇತ್ತು.