ಐದನೇ ಲೇನಿನ ಕೆಂಪು ಮ್ಯಾಟ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಈಜುಕೊಳದ ಕಾರ್ಯದರ್ಶಿಗಳೇ, ಬೆಳಗಿನ ದೊಡ್ಡವರ ಬ್ಯಾಚಿನ ನನ್ನ ಜೊತೆಗಾರರೇ, ಅವರು ಒದ್ದೆ ಬಟ್ಟೆ ತಂದು ಎಲ್ಲೆಂದರಲ್ಲಿ ಎಸೆದರೂ ಸಹಿಸಿಕೊಂಡಿರುವ ಅವರ ಮನೆಯವರೇ, ಮತ್ತು ಸಭಿಕರೇ,

ಭಾಷಣ ಶುರು ಮಾಡುವ ಮೊದಲು, ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಒಬ್ಬರ ಮುಖವೂ ನನಗೆ ಕಾಣುತ್ತಿಲ್ಲ. ದೀಪ ಸಾಲದು ಎಂದಲ್ಲ, ದೀಪದವರು ಗಾಬರಿಯಾಗುವುದು ಬೇಡ. ನನ್ನ ಕಣ್ಣೇ ಹಾಗೆ. ಕೈಗೆಟುಕುವುದು ಕಾಣುತ್ತದೆ. ಅದರಾಚೆ ಎಲ್ಲವೂ ನೀರು ಬಿದ್ದ ಶಾಯಿಯ ಹಾಗೆ ಕದಡಿರುತ್ತದೆ. ಇದು ನನ್ನ ಅಕ್ಕನಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅಕ್ಕ, ಎಲ್ಲಿ ಕೂತಿದ್ದೀಯೋ ಅಲ್ಲೇ ಕೂತಿರು, ಮನೆಗೆ ಹೋದಮೇಲೆ ಬೈಯುವೆಯಂತೆ.

ಕೆಲವರು ನಕ್ಕಿರಿ. ನಗು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ತನ್ನನ್ನು ನೋಡಿಯೇ ನಕ್ಕರು ಎಂದುಕೊಳ್ಳುತ್ತಾನೆ. ನಾನು ಹುಟ್ಟಾ ಅನುಮಾನದ ಪ್ರಾಣಿ ಎಂದು ನಮ್ಮ ಬ್ಯಾಚಿನಲ್ಲಿ ಹೆಸರಾಗಿದೆ. ಮೊನ್ನೆ ಕಾರ್ಯದರ್ಶಿಗಳು ನಮ್ಮ ಅಂಗಡಿಗೆ ಬಂದು, ಈ ವರ್ಷ ಅತಿ ಹೆಚ್ಚು ಸುಧಾರಿಸಿದ ಈಜುಗಾರ ಎಂಬ ಬಹುಮಾನ ನನಗೆ ಎಂದರು.

"ಯಾಕೆ ಸಾರ್?" ಎಂದೆ.

"ಯಾಕೆ ಅಂದ್ರೆ? ಸುಧಾರಿಸಿದ್ದೀಯ, ಅದಕ್ಕೆ."

"ಯಾರು ಹೇಳಿದ್ದು?"

"ನಿಮ್ಮ ಕೋಚ್ ಮೇಡಂ ಹೇಳಿದ್ದು."

"ಅವರಿಗೇನು ಸಿಗುತ್ತೆ ಇದರಿಂದ?"

ಕಾರ್ಯದರ್ಶಿಗಳು, "ಬಹುಮಾನ ಕೊಡ್ತೀವಿ ಅಂದ್ರೆ ಪೊಲೀಸರ ಥರ ವಿಚಾರಣೆ ಮಾಡೋನ್ನ ನಿನ್ನನ್ನೇ ನೋಡಿದ್ದು ಕಣಪ್ಪ" ಎಂದು ಎದ್ದು ಹೋದರು. ಅವರು ಸಿಟ್ಟಿನಿಂದ ಹೋದರೋ ನಗುತ್ತ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯ ಬಾಗಿಲು ನನ್ನ ಮೇಜಿನಿಂದ ಅಷ್ಟು ದೂರ.

ನಾನು ಶಾಲೆ ಬಿಟ್ಟಿದ್ದು ಒಂಬತ್ತನೇ ತರಗತಿಯಲ್ಲಿ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ, ಓದು ತಲೆಗೆ ಹತ್ತಲಿಲ್ಲ ಎನ್ನುತ್ತಿದ್ದೆ. ತಲೆಯವರೆಗೆ ಅದು ಬರಬೇಕಲ್ಲ! ಬೋರ್ಡಿನ ಮೇಲೆ ಬಿಳಿಯದೇನೋ ಅಲ್ಲಾಡುತ್ತಿತ್ತು, ಅಷ್ಟೇ. ಪಕ್ಕದವನ ಪುಸ್ತಕ ನೋಡಿ ಬರೆದರೆ ಕಳ್ಳ, ಬರೆಯದಿದ್ದರೆ ಸೋಮಾರಿ. ಎರಡರಲ್ಲಿ ಸೋಮಾರಿ ವಾಸಿ ಎನಿಸಿತು. ಕಣ್ಣು ಕಾಣುವುದಿಲ್ಲ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರಿಗೂ ನನ್ನಷ್ಟೇ ಕಾಣುತ್ತದೆ, ಉಳಿದವರು ಹೇಗೋ ಊಹೆ ಮಾಡಿ ಓದಿಬಿಡುತ್ತಾರೆ, ಆ ಊಹೆಯ ಬುದ್ಧಿ ನನಗಿಲ್ಲ ಎಂದೇ ನಾನು ನಂಬಿದ್ದೆ.

ಆಮೇಲೆ ಮಾವ ನನ್ನನ್ನು ತಮ್ಮ ಮೊಬೈಲ್ ರಿಪೇರಿ ಅಂಗಡಿಗೆ ಸೇರಿಸಿಕೊಂಡರು. ಅಲ್ಲಿ ಲೋಕ ತಲೆಕೆಳಗಾಯಿತು. ಮಾವ ಭೂತಗನ್ನಡಿ ಹಿಡಿದರೂ ಕಾಣದ ಸ್ಕ್ರೂ ನನಗೆ ಬರಿಗಣ್ಣಿಗೆ ಕಾಣುತ್ತಿತ್ತು. ಮೂಗಿನ ಹತ್ತಿರ ತಂದರೆ ಸಾಕು. ಬಂದ ಗಿರಾಕಿಗಳಿಗೆಲ್ಲ ಮಾವ, "ನಮ್ಮ ಹುಡುಗಂದು ಹದ್ದಿನ ಕಣ್ಣು" ಎಂದು ಹೇಳಿ ಹೇಳಿ, ಹೆಸರು ಹದ್ದು ಎಂದೇ ನಿಂತಿತು. ಇಲ್ಲಿಯೂ ನೀವು ನನ್ನನ್ನು ಹಾಗೆಯೇ ಕರೆಯುತ್ತೀರಿ. ಶಾಲೆಯಲ್ಲಿ ದಡ್ಡ ಎನಿಸಿಕೊಂಡವನಿಗೆ ಹದ್ದು ಎಂಬ ಹೆಸರು ಸಿಕ್ಕರೆ ಅದನ್ನು ಬಿಟ್ಟುಕೊಡಲು ಮನಸ್ಸು ಬರುತ್ತದೆಯೇ? ಹದ್ದು ಕನ್ನಡಕ ಹಾಕಿಕೊಂಡು ತಿರುಗಿದ್ದನ್ನು ಯಾರಾದರೂ ಕಂಡಿದ್ದೀರಾ? ಬೀದಿಯಲ್ಲಿ ನೀವು ಕೈ ಬೀಸಿದರೂ ನಾನು ನೋಡದೆ ಹೋಗಿದ್ದೇನೆ. ನನಗೆ ಕೊಬ್ಬು ಎಂದುಕೊಂಡಿರಿ. ಎಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಹಗಲೆಲ್ಲ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಾಗ ಡಾಕ್ಟರು ಈಜು ಕಲಿ ಎಂದರು. ಹಾಗೆ ಬಂದೆ. ನೀರಲ್ಲಿ ತೇಲುವುದು ಬೇಗ ಬಂತು. ಬೇಗ ಹೋಗುವುದು ಬರಲಿಲ್ಲ. ದೊಡ್ಡವರಾದ ಮೇಲೆ ಕಲಿಯುವ ನಮ್ಮ ಕಥೆ ನಿಮಗೆ ಗೊತ್ತೇ ಇದೆ. ನೀರಿನ ಜೊತೆ ಕುಸ್ತಿಗೆ ಬಿದ್ದವರ ಹಾಗೆ ಕೈ ಬಡಿಯುತ್ತೇವೆ, ನೀರೆಲ್ಲ ಮೇಲಕ್ಕೆ ಹಾರುತ್ತದೆ, ನಾವು ಮಾತ್ರ ಇದ್ದಲ್ಲೇ ಇರುತ್ತೇವೆ. ನಮ್ಮ ಬ್ಯಾಚಿನಲ್ಲೇ ಈಜುವ ಹಲ್ಲಿನ ಡಾಕ್ಟರು ವೇಗ ಹೆಚ್ಚಲಿ ಎಂದು ಕೈಗೆ ಹಲಗೆ, ಕಾಲಿಗೆ ಬಾತುಕೋಳಿ ಪಾದ, ಮಣಿಕಟ್ಟಿಗೊಂದು ಗಡಿಯಾರ ಎಲ್ಲ ತರಿಸಿದರು. ಅಷ್ಟನ್ನೂ ಕಟ್ಟಿಕೊಳ್ಳುವಷ್ಟರಲ್ಲಿ ನಮ್ಮ ಬ್ಯಾಚಿನ ಸಮಯ ಮುಗಿಯುತ್ತಿತ್ತು. ಡಾಕ್ಟ್ರೇ, ತಪ್ಪು ತಿಳಿಯಬೇಡಿ, ನಿಮ್ಮ ಮುಖ ಕಾಣದಿರುವುದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೇಡಂ ದಂಡೆಯ ಮೇಲೆ ನಡೆಯುತ್ತ ಹೇಳುತ್ತಿದ್ದದ್ದು ಇಷ್ಟೇ. "ನೀರನ್ನ ಹೊಡೀಬೇಡ, ಹಿಡಿ. ಹಿಡಿದು ಹಿಂದಕ್ಕೆ ತಳ್ಳು. ಕೈ ಮುಂದೆ ಚಾಚಿದಾಗ ಒಂದು ಗಳಿಗೆ ಜಾರಕ್ಕೆ ಬಿಡು, ಎಲ್ಲಿಗೆ ಓಡಬೇಕು ನಿಂಗೆ?" ಇದೆಲ್ಲ ನನಗೆ ಬಂತು. ಬಾರದ್ದು ಒಂದೇ. "ತಲೆ ಇಳಿಸು! ತಲೆ ಎತ್ತಿದ್ರೆ ಸೊಂಟ ಮುಳುಗುತ್ತೆ. ಸೊಂಟ ಮುಳುಗಿದ್ರೆ ಗೋಣಿಚೀಲ ಎಳ್ಕೊಂಡು ಹೋದ ಹಾಗೆ." ದಿನವೂ ಇದೇ ಮಾತು. ನಾನು ತಲೆ ಇಳಿಸುತ್ತಿದ್ದೆ, ಅರ್ಧ ಕೊಳ ದಾಟಿದೊಡನೆ ಅದು ತಾನಾಗಿ ಮೇಲೇಳುತ್ತಿತ್ತು.

ಯಾಕೆ ಎಂದು ನನಗೆ ಗೊತ್ತಿತ್ತು. ಸೇರಿದ ಹೊಸದರಲ್ಲಿ ಒಮ್ಮೆ ತಲೆ ಇಳಿಸಿ, ಅವರು ಹೇಳಿದ ಹಾಗೇ ಚೆನ್ನಾಗಿ ಬಂದವನು ನೇರ ಹೋಗಿ ಗೋಡೆಗೆ ಗುದ್ದಿದ್ದೆ. ಬೆರಳು ಬದನೆಕಾಯಿಯ ಹಾಗೆ ಊದಿ, ಒಂದು ವಾರ ಸ್ಕ್ರೂಡ್ರೈವರ್ ಹಿಡಿಯಲಾಗಲಿಲ್ಲ. "ಬೆರಳು ಹೋದ್ರೆ ಅನ್ನ ಹೋಯ್ತು, ನೆನಪಿಟ್ಕೋ" ಎಂದು ಮಾವ ಅಂದಿದ್ದರು. ನಮ್ಮ ಕೊಳದ ತಳದಲ್ಲಿ ಲೇನಿನ ಉದ್ದಕ್ಕೂ ಕಪ್ಪು ಗೆರೆ ಇದೆ. ಗೋಡೆ ಬಂತು ಎಂದು ತಿಳಿಸಲು ಅದರ ತುದಿಯಲ್ಲಿ ಒಂದು ಅಡ್ಡಗೆರೆ ಇರಬೇಕು. ಹಿಂದೆ ಯಾವಾಗಲೋ ದುರಸ್ತಿ ಮಾಡುವಾಗ ಆ ಜಾಗಕ್ಕೆ ಬಿಳಿ ಟೈಲ್ ಹಾಕಿ ಹೋಗಿದ್ದಾರೆ. ಉಳಿದವರಿಗೆ ಅದರಿಂದ ತೊಂದರೆಯಿಲ್ಲ, ಅವರಿಗೆ ಗೋಡೆಯೇ ಕಾಣುತ್ತದೆ. ನನಗೆ ಗೋಡೆ ಎನ್ನುವುದು ಗುದ್ದಿದ ಮೇಲೆ ತಿಳಿಯುವ ವಸ್ತು. ಅದಕ್ಕೆ ಅರ್ಧ ದಾರಿಯಿಂದಲೇ ತಲೆ ಎತ್ತಿ, ಕೈ ಮುಂದೆ ಹಿಡಿದು, ಕತ್ತಲ ಕೋಣೆಯಲ್ಲಿ ಸ್ವಿಚ್ಚು ಹುಡುಕುವವನ ಹಾಗೆ ತಡವುತ್ತ ಹೋಗುತ್ತಿದ್ದೆ. ದಮ್ಮು ಸಾಲದು ಎಂದು ಮೇಡಂ ತಿಂಗಳುಗಟ್ಟಲೆ ಉಸಿರಿನ ಅಭ್ಯಾಸ ಮಾಡಿಸಿದರು. ಮಾಡಿದೆ. ಹೇಳಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನೀರಿಗಿಳಿದರೆ, ನಾನು ಯಾವಾಗಲೂ ಈಜುವ ಐದನೇ ಲೇನಿನ ತಳದಲ್ಲಿ, ಗೋಡೆ ಇನ್ನೆರಡು ಕೈ ದೂರವಿರುವಾಗ, ಕೆಂಪಗೆ ಏನೋ ಕಂಡಿತು. ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿರುವ ರಬ್ಬರ್ ಮ್ಯಾಟ್! ನಾಲ್ಕು ಮೂಲೆಗೂ ಟೈಲ್ ಚೂರು ಕಟ್ಟಿ ಮುಳುಗಿಸಿದ್ದರು, ಅದು ನನಗೆ ಆಮೇಲೆ ತಿಳಿದದ್ದು. ಆಚೆ ತುದಿಯಲ್ಲೂ ಅಂಥದ್ದೇ ಒಂದು.

"ಇದೇನು ಮೇಡಂ?"

"ಟೈಲ್ ಬಿರುಕು ಬಿಟ್ಟಿದೆ. ಕಾಲಿಗೆ ಚುಚ್ಚಬಾರದು ಅಂತ."

ಸಭಿಕರೇ, ಕಾಲೂರಲು ಅಲ್ಲಿ ಯಾರು ನಿಲ್ಲುತ್ತಾರೆ? ಅದು ಆಳದ ಕಡೆ. ಬಿರುಕು ಐದನೇ ಲೇನಿನಲ್ಲೇ ಯಾಕೆ? ಎರಡೂ ತುದಿಯಲ್ಲಿ, ಒಂದೇ ಅಳತೆಯಲ್ಲಿ ಯಾಕೆ? ನನಗೆ ಅನುಮಾನ ಬಂತು. ಅದೇ ವಾರದಿಂದ ನನ್ನ ಸಮಯವೂ ಇಳಿಯತೊಡಗಿತು. ಗೋಡೆಯ ಮೇಲಿನ ದೊಡ್ಡ ಗಡಿಯಾರ ನೋಡಿ ಎಲ್ಲರೂ ತಮ್ಮ ಸಮಯ ತಾವೇ ತಿಳಿದುಕೊಳ್ಳುತ್ತಾರೆ, ನಾನೊಬ್ಬ ಮೇಡಂ ಬಾಯಿಂದ ಕೇಳಬೇಕು. ಅವರು ಹೇಳುವ ಸಂಖ್ಯೆ ದಿನದಿನಕ್ಕೂ ಚೆನ್ನಾಗುತ್ತ ಹೋಯಿತು. ಅನುಮಾನ ಎರಡಾಯಿತು. ವಾರ್ಷಿಕೋತ್ಸವ ಹತ್ತಿರ ಬರುತ್ತಿದೆ, ಶಾಲೆ ಬಿಟ್ಟ ಹುಡುಗನನ್ನು ಹೀಗೆ ಈಜಿಸಿದೆವು ಎಂದು ತೋರಿಸಿಕೊಳ್ಳಲು ಒಬ್ಬ ಬೇಕು, ನನ್ನನ್ನು ಉಬ್ಬಿಸುತ್ತಿದ್ದಾರೆ ಎಂದುಕೊಂಡೆ.

ಅಕ್ಕನನ್ನು ಕರೆತಂದು ಗ್ಯಾಲರಿಯಲ್ಲಿ ಕೂರಿಸಿದೆ. "ಮೊಬೈಲಲ್ಲಿ ನನ್ನ ಸಮಯ ನೋಡು. ಇದ್ದದ್ದನ್ನ ಇದ್ದ ಹಾಗೆ ಹೇಳು."

ನಾನು ಈಜಿ ಮುಗಿಸಿ ಮೇಲೆ ಬಂದರೆ ಅಕ್ಕ ಸಿಟ್ಟಾಗಿದ್ದಳು. "ಅಷ್ಟು ಹೊತ್ತು ಕೈ ಬೀಸಿದೆ, ಒಂದ್ಸಲ ತಿರುಗಿ ನೋಡಿದ್ಯಾ? ಈಜು ಬಂದ ತಕ್ಷಣ ಅಕ್ಕ ಬೇಡವಾದ್ಲಾ?"

"ಸಮಯ ಎಷ್ಟು ಹೇಳೇ ಮೊದಲು."

ಅವಳು ಹೇಳಿದಳು. ಮೇಡಂ ಹೇಳಿದ್ದಕ್ಕಿಂತ ಅರೆ ಸೆಕೆಂಡು ಕಡಿಮೆಯೇ ಇತ್ತು. ಶುರುವಿನಲ್ಲಿ ಅವಳು ಬಟನ್ ಒತ್ತಿದ್ದು ತಡವಾಗಿತ್ತು ಎಂದಿಟ್ಟುಕೊಂಡರೂ ಲೆಕ್ಕ ಸರಿಯಾಗಿತ್ತು. ಸಮಯ ಸುಳ್ಳಲ್ಲ.

ಹಾಗಾದರೆ ಮ್ಯಾಟ್? ಉಸಿರು ಹಿಡಿದು ತಳಕ್ಕೆ ಇಳಿದು ಅದನ್ನು ಎತ್ತಿ ನೋಡಿದೆ. ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಹತ್ತಿರದ್ದರಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಒಂದು ಟೈಲೂ ಬಿರುಕು ಬಿಟ್ಟಿರಲಿಲ್ಲ. ಆಗ ನನಗೆ ಸಂತೋಷವಾಯಿತು, ಕಳ್ಳತನ ಹಿಡಿದೆ ಎಂಬ ಸಂತೋಷ. ಮೇಡಂ ಸುಳ್ಳು ಹೇಳಿದ್ದಾರೆ. ಯಾಕೆ ಎಂಬುದೊಂದು ಬಾಕಿ.

ಅದನ್ನು ತಿಳಿಸಿಕೊಟ್ಟವರು ಹಲ್ಲಿನ ಡಾಕ್ಟರು, ಅವರಿಗೇ ತಿಳಿಯದ ಹಾಗೆ. ತಲೆ ಒರೆಸಿಕೊಳ್ಳುತ್ತ, "ಅಬ್ಬಾ, ಗಡಿಯಾರ ಮತ್ತೆ ಬಂತಲ್ಲಪ್ಪ. ರಿಪೇರಿಗೆ ಹೋದಾಗ ಅಲ್ಲೊಂದು ದುಂಡನೆ ಕಲೆ ಮಾತ್ರ ಇತ್ತು. ಎಷ್ಟು ಬಿಕೋ ಅಂತಿತ್ತು" ಎಂದರು.

"ಯಾವಾಗ ಹೋಗಿತ್ತು ಡಾಕ್ಟ್ರೇ?"

"ಮೇಡಂ ಆ ಮ್ಯಾಟ್ ಹಾಕಿದ್ರಲ್ಲ, ಅದರ ಹಿಂದಿನ ದಿನವೇ ತೆಗೆದಿದ್ರು. ಯಾಕೋ? ನೀನು ದಿನಾ ಅದನ್ನೇ ನೋಡ್ತಾ ಇರ್ತೀಯಲ್ಲ."

ನನಗೆ ನೆನಪಾಯಿತು. ಆ ಹಿಂದಿನ ದಿನ ಮೇಡಂ, "ನನ್ನ ವಾಚು ನಿಂತಿದೆ, ನಿನ್ನ ಸಮಯ ನೀನೇ ನೋಡಿ ಹೇಳು" ಎಂದಿದ್ದರು. ನಾನು ಎಲ್ಲರ ಹಾಗೆ ಕತ್ತೆತ್ತಿ, ಗೋಡೆಯ ಮೇಲಿನ ದುಂಡನೆಯದನ್ನು ದಿಟ್ಟಿಸಿ ನೋಡಿ, "ಪರವಾಗಿಲ್ಲ ಮೇಡಂ, ನಿನ್ನೆಗಿಂತ ಒಂಚೂರು ಕಮ್ಮಿ" ಎಂದಿದ್ದೆ. ಅಲ್ಲಿ ಗಡಿಯಾರವೇ ಇರಲಿಲ್ಲ. ಕಲೆ ನೋಡಿ ಸಮಯ ಹೇಳಿದ ಲೋಕದ ಮೊದಲ ಹದ್ದು ನಾನು.

ಜೋರಾಗಿ ನಕ್ಕಿರಿ. ಈ ನಗುವಿನ ಮೇಲೆ ನನಗೆ ಅಷ್ಟೊಂದು ಅನುಮಾನವಿಲ್ಲ.

ಆಮೇಲೆ ಸ್ಪರ್ಧೆಯ ದಿನ. ಯಾರಿಗೆ ಯಾವ ಲೇನು ಎಂದು ಚೀಟಿ ಎತ್ತಿದರು. ನನಗೆ ಎರಡನೆಯದು ಬಂತು. ಐದನೇ ಲೇನು ಬೇಕು ಎಂದು ಕೇಳಿದರೆ ಯಾಕೆ ಎಂದು ಹೇಳಬೇಕು. ಮತ್ತೆ ಎಲ್ಲರೆದುರು ತಡವುತ್ತ ಹೋಗುವುದೇ ಗತಿ ಎಂದುಕೊಂಡು ಬಟ್ಟೆ ಬದಲಿಸಲು ಹೋದರೆ, ಆ ಕೋಣೆಗಳ ಮುಂದೆ ಜನ ಒಬ್ಬರ ಹಿಂದೊಬ್ಬರು ಜಾರುತ್ತಿದ್ದರು. ಹಲ್ಲಿನ ಡಾಕ್ಟರು ಬಿದ್ದೇ ಬಿಟ್ಟರು. "ಈ ಮ್ಯಾಟೆಲ್ಲ ಎಲ್ಲಿಗೆ ಹೋಯ್ತು ಹಾಳಾಗಿ?" ಎಂದು ಕಾರ್ಯದರ್ಶಿಗಳು ಕೂಗುತ್ತಿದ್ದರು.

ದಂಡೆಗೆ ಬಂದು ಬಗ್ಗಿ ನೋಡಿದೆ. ನೀರಿನಡಿ ಕೆಂಪು. ಎರಡನೇ ಲೇನಿನಲ್ಲಿ ಕೆಂಪು, ಪಕ್ಕದ್ದರಲ್ಲಿ ಕೆಂಪು, ಅದರಾಚೆಯದರಲ್ಲೂ. ದಂಡೆಯುದ್ದಕ್ಕೂ ನಡೆದು ಒಂದೊಂದನ್ನೂ ಬಗ್ಗಿ ನೋಡಿದೆ. ಒಂದು ಲೇನೂ ಖಾಲಿ ಇರಲಿಲ್ಲ.

"ಏನ್ ಮೇಡಂ ಇದು?" ಎಂದು ಕಾರ್ಯದರ್ಶಿಗಳು ಕೇಳಿದ್ದು ನನಗೆ ಕೇಳಿಸಿತು.

"ಚೆಂದಕ್ಕೆ ಸಾರ್" ಎಂದರು ಮೇಡಂ.

ಅವತ್ತು ನಾನು ತಲೆ ಇಳಿಸಿದವನು ಮತ್ತೆ ಎತ್ತಲಿಲ್ಲ. ಕಪ್ಪು ಗೆರೆ, ಕಪ್ಪು ಗೆರೆ, ಕೆಂಪು, ಇನ್ನೆರಡು ಕೈ, ಗೋಡೆ. ಬೆರಳಿಗೆ ಏನೂ ಆಗಲಿಲ್ಲ. ಗೆದ್ದೆ ಎಂದು ತಿಳಿಯಬೇಡಿ, ನಾಲ್ಕನೆಯವನಾದೆ. ಹಲ್ಲಿನ ಡಾಕ್ಟರು ಬಿದ್ದ ಸೊಂಟ ಹಿಡಿದುಕೊಂಡೇ ಮೂರನೆಯವರಾದರು. ಆದರೆ ಹೋದ ವರ್ಷ ಎಲ್ಲರೂ ಮೈ ಒರೆಸಿಕೊಂಡ ಮೇಲೆ ನಾನು ಗೋಡೆ ಮುಟ್ಟಿದ್ದೆ.

ಈ ಬಹುಮಾನ ನ್ಯಾಯದ್ದೇ? ಇದನ್ನು ನಾನು ಮೂರು ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಮ್ಯಾಟ್ ಎಲ್ಲರ ಲೇನಿನಲ್ಲೂ ಇತ್ತು. ಸಮಯ ನನ್ನದೇ. ಹಾಗಾಗಿ ಇಟ್ಟುಕೊಳ್ಳುತ್ತೇನೆ, ವಾಪಸು ಕೇಳಬೇಡಿ. ಆದರೆ ಅನುಮಾನ ಪೂರ್ತಿ ಹೋಗಿಲ್ಲ. ಮೇಡಂ, ನೀವು ಯಾಕೆ ನನ್ನನ್ನು ಒಂದು ಮಾತೂ ಕೇಳಲಿಲ್ಲ? ಕನಿಕರವೇ? ಕೇಳಿದರೆ ಇವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದೇ? ಹಾಗಿದ್ದರೆ ನಿಮ್ಮ ಅಂದಾಜು ಸರಿ, ನಾನು ಬರುತ್ತಿರಲಿಲ್ಲ. ಬೇರೆ ಯಾರಿಗಾದರೂ ಹೇಳಿದ್ದಿರಾ? ಇಲ್ಲಿರುವ ಎಲ್ಲರಿಗೂ ಮೊದಲೇ ಗೊತ್ತಿದ್ದು, ನಾನೊಬ್ಬನೇ ಗುಟ್ಟು ಎಂದುಕೊಂಡಿದ್ದೆನೇ? ನೀವು ಯಾವ ಸಾಲಿನಲ್ಲಿದ್ದೀರಿ ಗೊತ್ತಿಲ್ಲ. ಕೈ ಎತ್ತಬೇಡಿ, ಕಾಣುವುದಿಲ್ಲ.

ಇದನ್ನೆಲ್ಲ ನಿಮ್ಮ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಮೈಕಿನಲ್ಲಿ ಯಾಕೆ ಹೇಳಿದೆ ಎಂದರೆ, ಬೇರೆ ಊರಿನ ಸರ್ವಿಸ್ ಸೆಂಟರಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಆ ಊರಲ್ಲಿ ಇದಕ್ಕಿಂತ ದೊಡ್ಡ ಕೊಳವಿದೆಯಂತೆ. ಅಲ್ಲಿ ಕೇಳದೆ ಮ್ಯಾಟ್ ಹಾಕುವವರು ಯಾರಿದ್ದಾರೆ? "ಸ್ವಾಮಿ, ನನಗೆ ಗೋಡೆ ಕಾಣುವುದಿಲ್ಲ" ಎಂದು ಗುರುತಿಲ್ಲದವರ ಮುಂದೆ ನಾನೇ ಬಾಯಿ ಬಿಟ್ಟು ಹೇಳಬೇಕು. ಎಂದೂ ಹೇಳದ ಮಾತು, ಒಮ್ಮೆ ಗುರುತಿದ್ದವರ ಮುಂದೆ ಹೇಳಿ ನೋಡೋಣ ಎನಿಸಿತು. ಹೇಳಿದೆ. ಅಂದುಕೊಂಡಷ್ಟು ನೋವಾಗಲಿಲ್ಲ, ಸ್ವಲ್ಪ ಆಯಿತು.

ಇಷ್ಟು ಹೊತ್ತು ಕೇಳಿದ ನಿಮಗೆ, ಸಮಯ ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ಬೈಯುವುದನ್ನು ಮನೆಯವರೆಗೆ ತಡೆದುಕೊಂಡಿರುವ ಅಕ್ಕನಿಗೆ, ಮತ್ತು ಮೇಡಂ, ನಿಮಗೆ, ನನ್ನ ವಂದನೆಗಳು. ಐದನೇ ಲೇನಿನ ಮ್ಯಾಟನ್ನು ತೆಗೆದು ಬಾಗಿಲಿಗೆ ಹಾಕಿಬಿಡಿ, ಡಾಕ್ಟರು ಮತ್ತೆ ಜಾರುವುದು ಬೇಡ. ನಮಸ್ಕಾರ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ.